ವೆಲ್ಷ್ ಎಂಬ ಶಬ್ದವೂ ಮೂಲಾರ್ಥದ ಮೋಹವೂ

ಶಬ್ದದ ಮೂಲವನ್ನು ಬಲ್ಲವನೇ ಅದರ ನಿಜವಾದ ಅರ್ಥವನ್ನು ಬಲ್ಲವನು ಎಂಬ ನಂಬಿಕೆ ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿ ನಿಂತಿದೆ. ವ್ಯಾಕರಣದ ಪಾಠದಲ್ಲಿ ವ್ಯುತ್ಪತ್ತಿಯನ್ನು ಹೇಳಿ, 'ಆದ್ದರಿಂದ ಇದರ ಅರ್ಥ ಇಷ್ಟೇ' ಎಂದು ಮೇಜನ್ನು ಗುದ್ದುವ ಉಪಾಧ್ಯಾಯರು ಇಂದಿಗೂ ವಿರಳವಲ್ಲ. ಈ ಮಹನೀಯರು ತಮ್ಮ ಸಿದ್ಧಾಂತಕ್ಕೆ ನಿಷ್ಠರಾಗಿರುವುದಾದರೆ ಮನೆಯಲ್ಲಿ ತೆಂಗಿನೆಣ್ಣೆ ಎಂಬ ಮಾತನ್ನು ಆಡಕೂಡದು. ಎಣ್ಣೆ ಎಂಬುದು ಎಳ್ಳಿನ ನೆಯ್. ತೆಂಗಿನಲ್ಲಿ ಎಳ್ಳೆಲ್ಲಿಂದ ಬಂತು? ಆದರೆ ಅಡುಗೆಮನೆಯಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಮೂಲಾರ್ಥದ ಮೋಹ ಅಲ್ಲಿ ನಿರುಪದ್ರವಿಯಾದ ಹುಚ್ಚು. ಅದೇ ಮೋಹ ಒಂದು ಜನಾಂಗದ ಹೆಸರಿನ ಮೇಲೆ ಬಿದ್ದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ಹೆಸರಿನ ಧಾತುವನ್ನು ಅಗೆದು ತೆಗೆದು, 'ನೋಡಿ, ಇವರು ಹೊರಗಿನವರು' ಎಂದು ತೀರ್ಪು ಕೊಡುವ ಪಾಂಡಿತ್ಯವುಂಟು. ಅದನ್ನು ಖಂಡಿಸುವುದಕ್ಕಾಗಿಯೇ ಈ ಲೇಖನ. ಉದಾಹರಣೆಗೆ ಯೂರೋಪಿನ ಒಂದು ವಿಶೇಷಣವನ್ನು ಆರಿಸಿಕೊಂಡಿದ್ದೇನೆ. ಏಕೆಂದರೆ ಅದರ ಸಂತತಿಯಷ್ಟು ಚದರಿಹೋದ ಸಂತತಿ ಬೇರೊಂದು ಶಬ್ದಕ್ಕೆ ಇರುವುದು ಅಪೂರ್ವ.

ಇಂಗ್ಲಿಷಿನಲ್ಲಿ ವೆಲ್ಷ್ ಎಂದರೆ ವೇಲ್ಸ್ ನಾಡಿನ, ಅಲ್ಲಿಯ ಜನರ, ಅಲ್ಲಿಯ ಭಾಷೆಯ ಎಂದರ್ಥ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ವಿಲಿಶ್. ಪ್ರಾಚೀನ ಜರ್ಮನ್ ಭಾಷೆಯಲ್ಲಿ ವಲ್ಹಿಸ್ಕ್. ಉತ್ತರದ ನಾರ್ಸ್ ಭಾಷೆಯಲ್ಲಿ ವಲ್ಸ್ಕ್. ಈ ಸೋದರರೂಪಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಅವೆಲ್ಲಕ್ಕೂ ತಾಯಿಯಾಗಿರಬೇಕಾದ ರೂಪವನ್ನು ವಿದ್ವಾಂಸರು *ವಲ್ಹಿಸ್ಕಜ್ ಎಂದು ಪುನಾರಚಿಸಿದ್ದಾರೆ. ಇದು ಮೂಲ ಜರ್ಮಾನಿಕ್ ಭಾಷೆಯ ವಿಶೇಷಣ. ವಲ್ಹ್ ಎಂಬುದು ಪ್ರಕೃತಿ, ಇಸ್ಕ್ ಎಂಬುದು 'ಅವರಿಗೆ ಸೇರಿದ' ಎಂಬರ್ಥದ ಪ್ರತ್ಯಯ. ಇಂಗ್ಲಿಷ್, ಸ್ಪ್ಯಾನಿಷ್, ಡೇನಿಷ್ ಎಂಬಲ್ಲಿ ಕೊನೆಗೆ ಬರುವುದೂ ಇದೇ ಪ್ರತ್ಯಯ. ಶಬ್ದದ ಹಿಂದಿರುವ ನಕ್ಷತ್ರದ ಗುರುತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ರೂಪ ಯಾವ ಕಲ್ಲಿನ ಮೇಲೂ ಯಾವ ಓಲೆಯಲ್ಲಿಯೂ ದೊರೆತದ್ದಲ್ಲ, ತರ್ಕದಿಂದ ಕಟ್ಟಿದ್ದು ಎಂಬುದು ಅದರ ಸೂಚನೆ. ಆದರೆ ಪ್ರಕೃತಿರೂಪವಾದ ವಲ್ಹ್ ಎಂಬುದಕ್ಕೆ ಬರವಣಿಗೆಯ ಆಧಾರವುಂಟು. ಸ್ವೀಡನ್ನಿನ ಚುರ್ಕೊ ಎಂಬಲ್ಲಿ ದೊರೆತ, ಸುಮಾರು ಐದು-ಆರನೆಯ ಶತಮಾನಗಳ ಚಿನ್ನದ ಪದಕವೊಂದರ ಮೇಲೆ ರೂನ್ ಲಿಪಿಯಲ್ಲಿ 'ವಲ್ಹ-ಕುರ್ನೆ' ಎಂದು ಕೆತ್ತಿದೆ. ಅಕ್ಷರಶಃ 'ವಲ್ಹರ ಕಾಳು'. ರೋಮನ್ನರ ನಾಣ್ಯವಾಗಿ ಬಂದ ಚಿನ್ನಕ್ಕೆ ಆ ಅಕ್ಕಸಾಲಿ ಹಾಗೆ ಹೆಸರಿಟ್ಟಿದ್ದಾನೆಂದು ಬಲ್ಲವರು ಅರ್ಥೈಸುತ್ತಾರೆ.

ಈ ವಲ್ಹ್ ಎಲ್ಲಿಂದ ಬಂದಿತು? ಮಧ್ಯ ಯೂರೋಪಿನಲ್ಲಿ ವೋಲ್ಕೇ ಎಂಬ ಕೆಲ್ಟಿಕ್ ಬುಡಕಟ್ಟೊಂದಿತ್ತು. ಜೂಲಿಯಸ್ ಸೀಸರನು ತನ್ನ ಗಾಲ್ ಯುದ್ಧದ ವೃತ್ತಾಂತದಲ್ಲಿ, ಈ ಜನರ ಒಂದು ಶಾಖೆ ಹೆರ್ಸಿನಿಯಾ ಮಹಾರಣ್ಯದ ಬಳಿ ನೆಲಸಿದ್ದುದನ್ನು ಹೇಳಿದ್ದಾನೆ. ಜರ್ಮಾನಿಕ್ ಜನರಿಗೆ ಇವರು ನೆರೆಯವರು. ಒಂದು ಬುಡಕಟ್ಟಿನ ಹೆಸರು ಕ್ರಮೇಣ ಎಲ್ಲ ಕೆಲ್ಟಿಕ್ ಜನರ ಹೆಸರಾಯಿತು. ಆ ಜನರಲ್ಲಿ ಅನೇಕರು ರೋಮನ್ನರ ಆಳ್ವಿಕೆಗೆ ಒಳಪಟ್ಟು ಲ್ಯಾಟಿನ್ನನ್ನಾಡತೊಡಗಿದ ಮೇಲೆ ಲ್ಯಾಟಿನ್ ಆಡುವವರ ಹೆಸರೂ ಆಯಿತು.

'ವೋಲ್ಕ್ ಎಂಬುದು ವಲ್ಹ್ ಹೇಗಾದೀತು?' ಎಂದು ಸಂಶಯಪಡುವವರಿಗೆ ಉತ್ತರ ಕನ್ನಡದಲ್ಲಿಯೇ ಇದೆ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಂದಿ ಹಂದಿಯಾಯಿತು. ಈ ಪಕಾರ-ಹಕಾರಗಳ ಬದಲಾವಣೆ ಒಂದು ಕಾಲದಲ್ಲಿ ನಡೆದದ್ದು. ಸಂಸ್ಕೃತದ ಪರ್ವ ಎಂಬುದು ನಮ್ಮಲ್ಲಿ ಹಬ್ಬವಾಗಿದೆಯಷ್ಟೆ. ಎಂದಮೇಲೆ ಆ ಶಬ್ದ ಬದಲಾವಣೆಗೆ ಮೊದಲೇ ಕನ್ನಡದ ಮನೆಯೊಳಗೆ ಬಂದು, ಮನೆಯವರೊಡನೆ ತಾನೂ ಬದಲಾಯಿತೆಂದು ಸಿದ್ಧವಾಯಿತು. ಪೊಲೀಸ್ ಎಂಬ ಶಬ್ದ ತಡವಾಗಿ ಬಂದದ್ದರಿಂದ ಪಕಾರವನ್ನು ಉಳಿಸಿಕೊಂಡಿದೆ. ಹೊಲೀಸನೆಂದು ಯಾರೂ ಕರೆಯುವುದಿಲ್ಲ. ಮೂಲ ಜರ್ಮಾನಿಕ್ ಭಾಷೆಯಲ್ಲಿಯೂ ಇಂಥದೇ ಒಂದು ಕ್ರಾಂತಿ ನಡೆಯಿತು. ಯಾಕೋಬ್ ಗ್ರಿಮ್ಮನು 1822ರಲ್ಲಿ ವಿವರಿಸಿದ ಆ ನಿಯಮದಂತೆ ಹಳೆಯ ಕಕಾರ ಹಕಾರವಾಯಿತು. ಲ್ಯಾಟಿನ್ನಿನಲ್ಲಿ ಕೊಂಬಿಗೆ ಕಾರ್ನು, ಇಂಗ್ಲಿಷಿನಲ್ಲಿ ಹಾರ್ನ್. ವೋಲ್ಕ್ ಎಂಬುದರ ಕಕಾರವೂ ಹಕಾರವಾಗಿರುವುದರಿಂದ, ನೆರೆಯ ಈ ಹೆಸರು ಆ ಬದಲಾವಣೆಗಿಂತ ಮುಂಚೆಯೇ ಜರ್ಮಾನಿಕ್ ಜನರ ಬಾಯಿಗೆ ಬಂದಿತ್ತೆಂದು ತಿಳಿಯುತ್ತದೆ. ನಿರುಕ್ತದ ನಿಜವಾದ ಬೆಲೆ ಇಂಥ ತಿಳಿವಳಿಕೆಯಲ್ಲಿದೆ. ಯಾರು ಯಾರ ನೆರೆಯಲ್ಲಿದ್ದರು, ಯಾವ ಕಾಲದಲ್ಲಿ ಎಂಬುದನ್ನು ಅದು ಹೇಳುತ್ತದೆ. ಅದರ ಬಾಯಿಯಿಂದ ಇದಕ್ಕಿಂತ ಹೆಚ್ಚಿನದನ್ನು ಹೇಳಿಸಹೊರಟಾಗಲೇ ಅನರ್ಥ ಪ್ರಾರಂಭವಾಗುವುದು.

ಮೊದಲನೆಯ ಅನರ್ಥ, ಕಿವಿಯನ್ನೇ ಪ್ರಮಾಣವೆಂದು ನಂಬುವವರದು. ವೆಲ್ಷ್ ಶಬ್ದವನ್ನು ಸಂಸ್ಕೃತದ ಮ್ಲೇಚ್ಛ ಶಬ್ದದೊಡನೆ ಗಂಟುಹಾಕಿದವರುಂಟು. ಅಷ್ಟು ದೂರ ಹೋಗುವುದೇಕೆ, ನಮ್ಮ 'ವಲಸೆ'ಗೂ ಅದಕ್ಕೂ ನಂಟು ಬೆಳೆಸಲು ಯಾರಾದರೂ ಹೊರಟರೆ ತಡೆಯುವವರಾರು? ತಡೆಯುವುದು ಧ್ವನಿನಿಯಮ ಒಂದೇ. ಸ್ವಿಟ್ಸರ್ಲೆಂಡಿನಲ್ಲಿ ಜರ್ಮನರು ವಾಲಿಸ್ ಎಂದೂ ಫ್ರೆಂಚರು ವಲೇ ಎಂದೂ ಕರೆಯುವ ಪ್ರಾಂತವಿದೆ. ಕೇಳಿದೊಡನೆ ವೇಲ್ಸಿನ ಅವಳಿಯೆನಿಸುವ ಈ ಹೆಸರು ಕಣಿವೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ವಲ್ಹರಿಗೂ ಅದಕ್ಕೂ ಸಂಬಂಧವಿಲ್ಲ. ಇದಕ್ಕೆ ಪ್ರತಿಯಾಗಿ, ಫ್ರೆಂಚರು ತಮ್ಮ ಪ್ರಾಚೀನ ನಾಡನ್ನು ಗೋಲ್ ಎನ್ನುತ್ತಾರೆ. ಲ್ಯಾಟಿನ್ನಿನ ಗಾಲಿಯಾ ಎಂಬುದರ ಮಗನೇ ಇದೆಂದು ಯಾರಾದರೂ ಆಣೆಯಿಟ್ಟು ಹೇಳುವಂತಿದೆ. ಆದರೆ ಬಹುಮಂದಿ ಭಾಷಾವಿಜ್ಞಾನಿಗಳ ಮತದಂತೆ ಅದು ಜರ್ಮಾನಿಕ್ ಜನರಾದ ಫ್ರಾಂಕರು ಇಟ್ಟ 'ವಲ್ಹರ ನಾಡು' ಎಂಬ ಹೆಸರಿನ ಫ್ರೆಂಚ್ ರೂಪ. ಜರ್ಮಾನಿಕ್ ವಕಾರ ಫ್ರೆಂಚಿನಲ್ಲಿ ಗಕಾರವಾಗುವುದು ನಿಯಮ. ಇಂಗ್ಲಿಷಿನ ವಾರ್ ಎಂಬ ಯುದ್ಧವಾಚಕಕ್ಕೆ ಫ್ರೆಂಚಿನಲ್ಲಿ ಗೇರ್ ಎಂಬುದು ಜೊತೆ. ಕಿವಿಗೆ ಒಂದಾಗಿ ಕೇಳುವುದು ಬೇರೆಯಾಯಿತು, ಬೇರೆಯಾಗಿ ಕೇಳುವುದು ಒಂದಾಯಿತು. ಇನ್ನು ಕಿವಿಯ ಪ್ರಮಾಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಎರಡನೆಯ ಅನರ್ಥ ಇದಕ್ಕಿಂತ ದೊಡ್ಡದು. 'ವೆಲ್ಷ್ ಎಂದರೆ ಪರಕೀಯ. ಇದೇ ಅದರ ನಿಜವಾದ ಅರ್ಥ' ಎಂದು ಹೇಳುವವರದು. ಒಳ್ಳೆಯದು, ಈ ಶಬ್ದದ ಮಕ್ಕಳು ಮೊಮ್ಮಕ್ಕಳೆಲ್ಲರನ್ನೂ ಸಭೆಗೆ ಕರೆಯೋಣ. ವೇಲ್ಸ್ ನಾಡು ಬಂದಿತು. ಕಾರ್ನ್‌ವಾಲ್ ಬಂದಿತು, ಅದರ ಉತ್ತರಾರ್ಧವೂ ಇದೇ ವಲ್ಹ್. ಬೆಲ್ಜಿಯಮ್ಮಿನಲ್ಲಿ ಫ್ರೆಂಚಿನ ಬಳಗದ ನುಡಿಯಾಡುವ ವಲೂನರು ಬಂದರು. ಸ್ವಿಟ್ಸರ್ಲೆಂಡಿನ ಜರ್ಮನ್ ಭಾಷಿಕರು ತಮ್ಮ ಫ್ರೆಂಚ್ ಭಾಷಿಕ ದೇಶಬಾಂಧವರನ್ನು ಇಂದಿಗೂ ವೆಲ್ಷೆ ಎನ್ನುತ್ತಾರೆ. ಅಲ್ಲಿ ಅದು ಸಾಮಾನ್ಯವಾಗಿ ದಿನಬಳಕೆಯ ಹೆಸರು. ಅದೇ ಶಬ್ದವನ್ನು ಜರ್ಮನಿಯಲ್ಲಿ ಹತ್ತೊಂಬತ್ತನೆಯ ಶತಮಾನದ ರಾಷ್ಟ್ರಾಭಿಮಾನಿಗಳು ಫ್ರೆಂಚರನ್ನು ಹಳಿಯುವುದಕ್ಕೆ ಬಳಸಿದರು. ತಿಳಿಯದ ಗೊಣಗುಮಾತಿಗೆ ಜರ್ಮನ್ನಿನಲ್ಲಿ ಕೌಡರ್‌ವೆಲ್ಷ್ ಎಂದು ಹೆಸರು; ಕಳ್ಳರ ಗುಟ್ಟಿನ ನುಡಿಗೆ ರೋಟ್‌ವೆಲ್ಷ್. ಅಕ್ರೋಟಕ್ಕೆ ಇಂಗ್ಲಿಷಿನಲ್ಲಿ ವಾಲ್‌ನಟ್ ಎನ್ನುವುದು ಅದು ವಲ್ಹರ ನಾಡಿನಿಂದ ಬಂದ ಕಾಯಿ ಎಂಬುದರಿಂದ. ಐರ್ಲೆಂಡಿನಲ್ಲಿ ವಾಲ್ಷ್ ಎಂಬುದೂ ಸ್ಕಾಟ್ಲೆಂಡಿನಲ್ಲಿ ವಾಲೆಸ್ ಎಂಬುದೂ ಮನೆತನದ ಹೆಸರುಗಳಾದವು.

ಇಷ್ಟಕ್ಕೇ ಮುಗಿಯಲಿಲ್ಲ. ಜರ್ಮಾನಿಕ್ ಜನರಿಂದ ಸ್ಲಾವ್ ಜನರು ಈ ಹೆಸರನ್ನು ಎರವಲು ಪಡೆದರು. ಪೋಲೆಂಡಿನಲ್ಲಿ ಇಟಲಿಗೆ ವ್ವೋಖಿ ಎಂದು ಹೆಸರು. ಹಂಗೆರಿಯವರು ಸ್ಲಾವರಿಂದ ಪಡೆದು ಇಟಲಿಯವನನ್ನು ಒಲಾಸ್ ಎಂದರು, ರುಮೇನಿಯದವನನ್ನು ಒಲಾಹ್ ಎಂದರು. ಬಾಲ್ಕನ್ ಪ್ರದೇಶದಲ್ಲಿ ಲ್ಯಾಟಿನ್ ಮೂಲದ ನುಡಿಯಾಡುವ ಜನರು ವ್ಲಾಖರೆನಿಸಿದರು. ಅವರಲ್ಲಿ ಕುರಿ ಕಾಯುವವರು ಬಹಳ ಇದ್ದುದರಿಂದ ಕೆಲವು ಕಡೆಗಳಲ್ಲಿ ಆ ಹೆಸರಿಗೆ ಕುರುಬನೆಂಬುದೇ ಅರ್ಥವಾಯಿತು. ಮೊರಾವಿಯದ ವಲಾಖಿಯಾದಲ್ಲಿರುವ ಜನ ಇಂದು ಚೆಕ್ ಭಾಷೆಯನ್ನಾಡುವವರು. ಹಾಗಾದರೆ ವೇಲ್ಸಿನ ಕೆಲ್ಟಿಕ್ ಭಾಷಿಕ, ಬೆಲ್ಜಿಯಮ್ಮಿನ ಫ್ರೆಂಚ್ ಭಾಷಿಕ, ರೋಮಿನ ನಾಗರಿಕ, ಮೊರಾವಿಯದ ಚೆಕ್ ಕುರಿಗಾಹಿ, ಕಳ್ಳನ ಗುಟ್ಟುಮಾತು, ಅಂಗಡಿಯ ಅಕ್ರೋಟ ಇವೆಲ್ಲದರ 'ನಿಜವಾದ ಅರ್ಥ' ಒಂದೇ ಎನ್ನೋಣವೆ? ಇವರಲ್ಲಿ ಸಾಮಾನ್ಯವಾದದ್ದು ಒಂದೇ: ಒಂದಾನೊಂದು ಕಾಲದಲ್ಲಿ ಬೇರೊಬ್ಬರು ದೂರದಿಂದ ಬೆರಳು ತೋರಿಸಿದರು. ಬೆರಳು ಎತ್ತ ತೋರುತ್ತಿತ್ತೆಂಬುದರಿಂದ ತಿಳಿಯುವುದು ತೋರಿಸಿದವನು ನಿಂತ ಸ್ಥಳವೇ ಹೊರತು ಎದುರಿಗಿದ್ದವನ ಸ್ವರೂಪವಲ್ಲ.

ಅಲ್ಲದೆ, ಇದಕ್ಕೆ 'ಪರಕೀಯ' ಎಂಬ ಅರ್ಥವನ್ನು ಹೇಳುವುದೂ ಸಡಿಲವಾದ ಮಾತು. ಜರ್ಮಾನಿಕ್ ಜನರಿಗೆ ಪೂರ್ವದಲ್ಲಿ ಸ್ಲಾವರಿದ್ದರು, ಉತ್ತರದಲ್ಲಿ ಫಿನ್ನರಿದ್ದರು. ಅವರೂ ಪರಕೀಯರೇ. ಆದರೆ ಅವರನ್ನು ವಲ್ಹರೆಂದು ಕರೆಯಲಿಲ್ಲ. ಸ್ಲಾವರಿಗೆ ವೆಂಡರೆಂಬ ಬೇರೆ ಹೆಸರಿತ್ತು. ಜೆ. ಆರ್. ಆರ್. ಟೋಲ್ಕಿನ್ ಎಂಬ ವಿದ್ವಾಂಸರು (ಕಥೆಗಾರರೆಂದು ಲೋಕಕ್ಕೆ ಹೆಚ್ಚು ಪರಿಚಿತರು) 1955ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಈ ಸಂಗತಿಯನ್ನು ಒತ್ತಿ ಹೇಳಿದರು: ಇದು ಕೆಲ್ಟಿಕ್ ಮತ್ತು ಲ್ಯಾಟಿನ್ ನುಡಿಗಳನ್ನಾಡುವವರಿಗೆ ಮೀಸಲಾದ ಹೆಸರು, ಸಿಕ್ಕಿದವರಿಗೆಲ್ಲ ಅಂಟಿಸುವ ಚೀಟಿಯಲ್ಲ. ಶಾಲಾಪುಸ್ತಕಗಳು ಇದನ್ನು ಇನ್ನೂ ಕೇಳಿಸಿಕೊಂಡಂತಿಲ್ಲ.

ವಲ್ಹಿಸ್ಕಜ್ ಎಂಬುದಕ್ಕೆ ಎದುರಾಳಿಯಾದ ಇನ್ನೊಂದು ವಿಶೇಷಣವಿತ್ತು: *ಥೆಯುದಿಸ್ಕಜ್, 'ಜನಕ್ಕೆ ಸೇರಿದ' ಎಂದರೆ ನಮ್ಮವರದು. ಜರ್ಮನರು ತಮ್ಮನ್ನು ಡಾಯ್ಚ್ ಎಂದುಕೊಳ್ಳುವುದು ಇದರಿಂದ. ಈ ಶಬ್ದದ ಲ್ಯಾಟಿನ್ ರೂಪ ಮೊದಲು ಕಾಣಿಸುವುದು 786ರ ಒಂದು ವರದಿಯಲ್ಲಿ. ಅಲ್ಲಿ ಅದು ಹೇಳುವುದು ಇಂಗ್ಲೆಂಡಿನ ಜನಭಾಷೆಯನ್ನು! ಇಂಗ್ಲಿಷರು ಮುಂದೆ ಅದೇ ಹೆಸರನ್ನು ಡಚ್ ಎಂದು ಮಾಡಿ, ಸಮುದ್ರದಾಚೆಯ ಹಾಲೆಂಡಿನವರಿಗೆ ಕೊಟ್ಟು ಕೈತೊಳೆದುಕೊಂಡರು. 'ನಮ್ಮವರು' ಎಂಬ ಶಬ್ದವೇ ಪರರ ಹೆಸರಾದ ಮೇಲೆ ಮೂಲಾರ್ಥವಾದಿಗಳು ಏನು ಹೇಳಿಯಾರು?

ಇದೇನೂ ಯೂರೋಪಿನವರ ಸ್ವತ್ತಲ್ಲ. ವಲ್ಹರೆಂದು ಗೋಲ್ ನಾಡಿಗೆ ಹೆಸರಿಟ್ಟ ಆ ಫ್ರಾಂಕರ ಹೆಸರು ಅರಬರ ಬಾಯಲ್ಲಿ ಇಫ್ರಂಜ್ ಆಗಿ, ಪಾರಸಿಯ ಫರಂಗಿಯಾಗಿ, ಕನ್ನಡಕ್ಕೆ ಪರಂಗಿಯಾಗಿ ಬಂದಿತು. ಯೂರೋಪಿನ ಬಿಳಿಯರೆಲ್ಲರೂ ಪರಂಗಿಗಳಾದರು. ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಹಣ್ಣು ಪರಂಗಿಹಣ್ಣಾಯಿತು. ವಾಲ್‌ನಟ್ಟಿಗೆ ಇದಕ್ಕಿಂತ ಸರಿಯಾದ ಜೋಡಿ ಎಲ್ಲಿ ಸಿಕ್ಕೀತು! ಪರರಿಗೆ ಪರಕೀಯ ನಾಮವನ್ನು ಹಂಚಿದವರ ಹೆಸರೇ ಇನ್ನೊಂದು ನಾಡಿನಲ್ಲಿ ಪರಕೀಯನಿಗೆ ಹೆಸರಾಯಿತು. ಉಪಾಧ್ಯಾಯರ ಕೈಯಲ್ಲಿರುವ ಸೀಮೆಸುಣ್ಣವನ್ನೇ ನೋಡಿ. ಸೀಮೆ ಎಂದರೆ ಎಲ್ಲೆ, ನಾಡು. ಸುಣ್ಣಕ್ಕೂ ಎಣ್ಣೆಗೂ ಬದನೆಗೂ ಹಿಂದೆ ಬಂದು ನಿಂತಾಗ ಅದಕ್ಕೆ ಹೊರನಾಡು ಎಂದರ್ಥ.

ಇನ್ನು ಮೂರನೆಯ ಪಕ್ಷದವರು. ಇವರು ವೇಲ್ಸಿನ ಹಿತೈಷಿಗಳು. 'ತಮ್ಮ ನೆಲದಲ್ಲಿಯೇ ಇದ್ದವರನ್ನು, ಕಡಲು ದಾಟಿ ಬಂದ ಇಂಗ್ಲಿಷರು ಪರಕೀಯರೆಂದು ಕರೆದರು. ಈ ಶಬ್ದವೇ ಒಂದು ಅಪಮಾನ' ಎಂದು ಇವರ ಕೋಪ. ಕೋಪದ ಕಾರಣ ನ್ಯಾಯವಾದದ್ದೇ. ಗಡಿಯ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೋಪಕ್ಕೆ ಗುರಿಯಾದದ್ದು ತಪ್ಪು ವಸ್ತು. ಶಬ್ದ ಮೊದಲಿನಿಂದಲೂ ಬಯ್ಗುಳವಾಗಿರಲಿಲ್ಲ. ವೆಸೆಕ್ಸಿನ ರಾಜ ಈನನು ಸುಮಾರು 690ರಲ್ಲಿ ಮಾಡಿದ ಕಾನೂನನ್ನು ನೋಡಬಹುದು. ಕೊಲೆಯಾದವನ ಬಂಧುಗಳಿಗೆ ಕೊಡಬೇಕಾದ ಪರಿಹಾರದ ಪಟ್ಟಿ ಅದರಲ್ಲಿದೆ. ಸಾಮಾನ್ಯ ಸ್ವತಂತ್ರ ಇಂಗ್ಲಿಷನ ಬೆಲೆ 200 ಷಿಲಿಂಗ್. ಒಂದು 'ಹೈಡ್' ಅಳತೆಯ ಹೊಲವಿದ್ದ 'ವಿಲಿಶ್' ಮನುಷ್ಯನ ಬೆಲೆ 120, ಹೊಲವಿಲ್ಲದವನದು 60. ಅದೇ ಕಾನೂನಿನಲ್ಲಿ ಐದು ಹೈಡ್ ಹೊಲವುಳ್ಳ ವಲ್ಹನಿಗೆ 600 ಷಿಲಿಂಗ್. ರಾಜನ ಸಂದೇಶ ಒಯ್ಯುವ ಕುದುರೆಸವಾರ ವಲ್ಹನಿಗೆ 200. ವಲ್ಹ್ ಎಂದರೆ ಗುಲಾಮ ಎಂಬರ್ಥ ಹಳೆಯ ಇಂಗ್ಲಿಷಿನಲ್ಲಿ ಬೆಳೆದುಬಂತೆಂಬುದು ಸತ್ಯ. ಆದರೆ ಅದು ಧಾತುವಿನಿಂದ ಹುಟ್ಟಿದ ಅರ್ಥವಲ್ಲ, ಆ ಪಟ್ಟಿಯಿಂದ ಹುಟ್ಟಿದ ಅರ್ಥ. ಒಬ್ಬನ ಜೀವಕ್ಕೆ ಅರವತ್ತು, ಇನ್ನೊಬ್ಬನ ಜೀವಕ್ಕೆ ಇನ್ನೂರು ಎಂದು ಬರೆದ ಕೈಯನ್ನು ಬಿಟ್ಟು ಶಬ್ದಕ್ಕೆ ಶಿಕ್ಷೆ ವಿಧಿಸುವುದು ಎಂಥ ನ್ಯಾಯ?

ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1536ರ ಶಾಸನ ವೇಲ್ಸಿನ ನ್ಯಾಯಾಲಯಗಳಿಗೆ ಇಂಗ್ಲಿಷನ್ನು ಕಡ್ಡಾಯ ಮಾಡಿ, ಇಂಗ್ಲಿಷ್ ಬಳಸದವರಿಗೆ ಸರ್ಕಾರಿ ಅಧಿಕಾರದ ಬಾಗಿಲನ್ನು ಮುಚ್ಚಿತು. 1847ರಲ್ಲಿ ವೇಲ್ಸಿನ ವಿದ್ಯಾಭ್ಯಾಸದ ಸ್ಥಿತಿಯನ್ನು ಕುರಿತು ವರದಿ ಒಪ್ಪಿಸಿದ ಮೂವರು ಆಯುಕ್ತರಿಗೂ ಆ ನಾಡಿನ ಭಾಷೆ ಬಾರದು. ಮಕ್ಕಳ ಅಜ್ಞಾನಕ್ಕೂ ಜನರ ನೀತಿಗೇಡಿತನಕ್ಕೂ ಆ ಭಾಷೆಯೇ ಕಾರಣವೆಂಬಂತೆ ಅವರು ಬರೆದರು. ಆ ನೀಲಿ ಹೊದಿಕೆಯ ಸಂಪುಟಗಳನ್ನು ಅಲ್ಲಿಯ ಜನ ಇಂದಿಗೂ 'ನೀಲಿ ಪುಸ್ತಕಗಳ ದ್ರೋಹ' ಎಂದೇ ನೆನೆಯುತ್ತಾರೆ. ಆ ಕಾಲದ ಅನೇಕ ಶಾಲೆಗಳಲ್ಲಿ ಒಂದು ಮರದ ತುಂಡಿರುತ್ತಿತ್ತು. ಮನೆಮಾತನ್ನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದನ್ನು ಕಟ್ಟುವರು; ಇನ್ನೊಂದು ಮಗು ಹಾಗೆ ಆಡಿದಾಗ ಅದು ಆ ಕೊರಳಿಗೆ ಹೋಗುವುದು; ಸಂಜೆ ಯಾರ ಕೊರಳಲ್ಲಿರುವುದೋ ಆ ಮಗುವಿಗೆ ಪೆಟ್ಟು. ಇದು ಸರ್ಕಾರದ ಆಜ್ಞೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಉಪಾಧ್ಯಾಯರು ತಾವಾಗಿಯೇ ಮಾಡಿದ್ದು, ಎಷ್ಟೋ ಕಡೆ ತಂದೆತಾಯಿಗಳ ಸಮ್ಮತಿಯಿಂದಲೇ ನಡೆದದ್ದು. ಆ ತುಂಡಿಗೆ 'ವೆಲ್ಷ್ ನಾಟ್' ಎಂದು ಹೆಸರು. ಎರಡು ಸಾವಿರ ವರ್ಷಗಳ ಹಿಂದೆ ನೆರೆಯವನನ್ನು ಗುರುತಿಸುವುದಕ್ಕೆ ಹುಟ್ಟಿದ ವಿಶೇಷಣ ಎಂಟು ವರ್ಷದ ಮಗುವಿನ ಕೊರಳಿಗೆ ಬಂದಿತು. ಆ ಕೊರಳನ್ನು ನೋಯಿಸಿದ್ದು ಹಗ್ಗ; ಹಗ್ಗವನ್ನು ಕಟ್ಟಿದವನು ನಮ್ಮ ಸಹೋದ್ಯೋಗಿ.

ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ಕಮ್ರಿ. ಇದರ ಹಳೆಯ ರೂಪ *ಕೊಂಬ್ರೋಗಿ. ಕೊಂ ಎಂದರೆ ಜೊತೆಯ. ಬ್ರೋಗ್ ಎಂದರೆ ಎಲ್ಲೆ, ಎಲ್ಲೆಯೊಳಗಿನ ನಾಡು. ಒಂದೇ ಸೀಮೆಯವರು ಎಂದರ್ಥ. ಅವರ ಭಾಷೆ ಕಮ್ರಾಯಿಗ್. 2022ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದ ಆಡಳಿತ ಅದನ್ನು ಎರರಿ ಎಂಬ ನಾಡಹೆಸರಿನಿಂದಲೇ ಕರೆಯಲು ನಿರ್ಧರಿಸಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಭಾಷೆಗೆ ವೇಲ್ಸಿನಲ್ಲಿ ಅಧಿಕೃತ ಸ್ಥಾನ ಕೊಟ್ಟ 2011ರ ಕಾನೂನಿನ ಇಂಗ್ಲಿಷ್ ಶೀರ್ಷಿಕೆಯಲ್ಲಿ ವೆಲ್ಷ್ ಒಮ್ಮೆ, ವೇಲ್ಸ್ ಒಮ್ಮೆ, ಹೀಗೆ ವಲ್ಹ್ ಧಾತು ಎರಡು ಬಾರಿ ಬಂದಿದೆ. ಮೂಲಾರ್ಥವಾದಿಗಳ ಲೆಕ್ಕದಲ್ಲಿ ಅದು 'ಪರಕೀಯರ ನಾಡಿನ ಪರಕೀಯ ಭಾಷೆಯ ಕಾನೂನು' ಆಗಬೇಕು. ಆ ಕಾನೂನಿನಿಂದ ಮನೆಯ ಭಾಷೆ ಮನೆಗೆ ಮರಳಿತೇ ವಿನಾ ಹೊರಗಿನದಾಗಲಿಲ್ಲ.

ಶಬ್ದದೊಡನೆ ಜಗಳವಾಡದೆ ಕೆಲಸಕ್ಕೆ ಕೈಹಾಕಿದವರ ಚರಿತ್ರೆ ಬೇರೆಯಾಗಿಯೇ ಇದೆ. 1939ರಲ್ಲಿ ಅಬರಿಸ್ಟ್ವಿತ್ ಊರಿನಲ್ಲಿ ಇವಾನ್ ಅಬ್ ಓವನ್ ಎಡ್ವರ್ಡ್ಸ್ ಎಂಬವರು ಕಮ್ರಾಯಿಗ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆಯನ್ನು ತೆರೆದರು. ಆರಂಭದ ದಿನ ಅಲ್ಲಿದ್ದ ಮಕ್ಕಳು ಏಳು. 1956ರಲ್ಲಿ ಅದೇ ಮಾಧ್ಯಮದ ಮೊದಲ ಪ್ರೌಢಶಾಲೆ ವೇಲ್ಸಿನ ಉತ್ತರದಲ್ಲಿ ಹುಟ್ಟಿತು. ಅನಂತರ ಇಂಥ ಶಾಲೆಗಳು ನಾಡಿನ ಎಲ್ಲ ಭಾಗಗಳಲ್ಲಿಯೂ ಬೆಳೆದುವು. ಆದರೂ 2011ರ ಜನಗಣತಿಯಲ್ಲಿ ಕಮ್ರಾಯಿಗ್ ಆಡಬಲ್ಲವರು ನೂರಕ್ಕೆ 19 ಮಂದಿ ಇದ್ದದ್ದು 2021ರಲ್ಲಿ 17.8ಕ್ಕೆ, ಎಂದರೆ ಸುಮಾರು 5,38,000 ಮಂದಿಗೆ ಇಳಿಯಿತು. ಇಳಿತ ಹೆಚ್ಚಾಗಿ ಕಂಡದ್ದು ಮಕ್ಕಳಲ್ಲಿ. ನಿಘಂಟನ್ನು ತೆರೆದು ಕೋಪಿಸಿಕೊಳ್ಳುವ ಹಿತೈಷಿಗಳು ತಮ್ಮ ಕೋಪವನ್ನು ಈ ಅಂಕಿಗೆ ಮೀಸಲಿಡಬಹುದು.